ಸೂತ್ರದ ಕೆಳಗಿನ ಸಾಲು

ಪಾಂಡವಪುರ
೧೪-೯-೧೯೯೭

ಪ್ರೀತಿಯ ಅಸ್ಗರಿ,

ನಿನ್ನ ಮೂರು ಕಾಗದಕ್ಕೂ ಉತ್ತರ ಬರೆಯದೆ ಕೂತವಳು ನಾನು. ನೀನು ಕೆ.ಆರ್. ಪೇಟೆಯಿಂದ ಬೈಯುವ ಮೊದಲೇ ಇಲ್ಲಿ ನನ್ನನ್ನು ನಾನು ಬೈದುಕೊಂಡಿದ್ದೇನೆ. ನಿನ್ನ ಮಂಡಿನೋವು ಹೇಗಿದೆ? ಟೀಚರ್ಸ್ ಟ್ರೈನಿಂಗಿನ ದಿನಗಳಲ್ಲಿ ನನ್ನನ್ನು ಎಳೆದುಕೊಂಡು ಓಡಿ ಬಸ್ಸು ಹಿಡಿಯುತ್ತಿದ್ದ ಕಾಲು, ಅದಕ್ಕೂ ನೋವೇ? ನಾನು ಚೆನ್ನಾಗಿದ್ದೇನೆ ಎಂದು ಬರೆಯುವುದು ವಾಡಿಕೆ. ಮಾತಾಡಲು ಯಾರೂ ಇಲ್ಲದೆ ಹಾಲಿನವನನ್ನು ಬಾಗಿಲಲ್ಲಿ ನಿಲ್ಲಿಸಿ ಅವನ ಎಮ್ಮೆಯ ಯೋಗಕ್ಷೇಮ ಕೇಳುತ್ತೇನೆ. ಮೊನ್ನೆ ಅವನು ಹಾಲು ಸುರಿದವನೇ ಓಡಿಬಿಟ್ಟ.

ನಮ್ಮ ಯಜಮಾನರು ಹೋಗಿ ಏಳು ತಿಂಗಳಾಯಿತು. ಕಾಲೇಜಿನಿಂದ ನಿವೃತ್ತರಾದ ಮೇಲೆ ಇವರು ಪಿ.ಯು.ಸಿ. ಮಕ್ಕಳಿಗಾಗಿ ಕನ್ನಡದಲ್ಲಿ ಗಣಿತದ ಪುಸ್ತಕ ಬರೆಯುತ್ತಿದ್ದರಲ್ಲ, ಅದನ್ನು ಮುಗಿಸಿದ ವಾರಕ್ಕೇ ಲಕ್ವ ಹೊಡೆಯಿತು. ಹೇಗಾದರೂ ಅಚ್ಚು ಮಾಡಿಸಲೇಬೇಕೆಂದು ಹಟ ಹಿಡಿದು ನಾನೀಗ ವಾರಕ್ಕೆರಡು ಸಲ ಶ್ರೀರಂಗಪಟ್ಟಣಕ್ಕೆ ಹೋಗುತ್ತೇನೆ. ಅಲ್ಲಿ ಕುಳ್ಳಯ್ಯ ಎನ್ನುವವರು ಕಂಪ್ಯೂಟರಿನಲ್ಲಿ ಪುಟ ಕಟ್ಟಿಕೊಡುತ್ತಾರೆ. ಮೂವತ್ತು ವರ್ಷ ಅಚ್ಚಿನ ಮೊಳೆ ಜೋಡಿಸಿದವರು.

ಪೇಚಾಟವೆಲ್ಲ ಸೂತ್ರಗಳದ್ದು. ಸೂತ್ರವನ್ನು ಪುಟದ ನಡುವೆ ಬಿಡಿಯಾಗಿ ನಿಲ್ಲಿಸುತ್ತಾರೆ. ಅದರ ಕೆಳಗಿನ ಸಾಲು ಹಿಂದಿನ ಮಾತನ್ನೇ ಮುಂದುವರಿಸಿದರೆ ಅಂಚಿನಿಂದ ಶುರುವಾಗಬೇಕು, ಹೊಸ ಪ್ಯಾರಾ ಆದರೆ ಸ್ವಲ್ಪ ಒಳಗಿನಿಂದ. ಈ ಕಂಪ್ಯೂಟರು ಮಾತ್ರ ಎಲ್ಲ ಸೂತ್ರಗಳ ಕೆಳಗೂ ತನ್ನಷ್ಟಕ್ಕೆ ತಾನೇ ಸಾಲನ್ನು ಒಳಕ್ಕೆ ತಳ್ಳುತ್ತದೆ. ಬೇಡವಾದ ಕಡೆ ಕುಳ್ಳಯ್ಯ ಒಂದೊಂದನ್ನೇ ಅಂಚಿಗೆ ಎಳೆಯಬೇಕು.

"ಅಮ್ಮಾರೆ, ಈ ಸಾಲು ಒಳೀಕೆ ಇರ್ಲಾ, ಅಂಚ್ಗೆ ತರ್ಲಾ? ನೀವು ಏಳ್ದಂಗೆ ಮಾಡ್ತೀನಿ," ಎನ್ನುತ್ತಾರೆ. ನನಗೇನು ಗೊತ್ತು? ಮಗ್ಗಿ ಹೇಳಿಕೊಟ್ಟವಳು ನಾನು. ಇವರ ಜೊತೆ ಪಾಠ ಮಾಡುತ್ತಿದ್ದ ರವೀಂದ್ರ ಅವರನ್ನು ಕೇಳಿದೆ. "ಹೆಂಗಿದ್ರೂ ಲೆಕ್ಕ ತಪ್ಪಾಗಲ್ಲ, ಬುಡಿ ಅಮ್ಮ," ಎಂದರು. ನನಗೆ ಸಿಟ್ಟು ಬಂತು. ಇವರು ಒಂದು ಸಾಲನ್ನೂ ಹೇಗಾದರೂ ಇರಲಿ ಎಂದು ಬರೆದವರಲ್ಲ.

ಹೊಸ ಪ್ಯಾರಾ ಎಂದರೆ ಇವರು ಎಡಗೈಯ ಎರಡು ಬೆರಳನ್ನು ಹಾಳೆಯ ಮೇಲೆ ಇಟ್ಟು, ಅಷ್ಟು ಜಾಗ ಬಿಟ್ಟೇ ಬರೆಯುವುದು. ನಾನು ನಗುತ್ತಿದ್ದೆ. ಇವರ ಕೈಬರಹದ ಹಾಳೆಗಳಲ್ಲಿ ಆ ಅಳತೆ ನೋಡಿಯೇ ಆರು ಅಧ್ಯಾಯ ಸಲೀಸಾಗಿ ಹೋಯಿತು. ನನ್ನ ಬೆರಳು ಸಣ್ಣ, ಎರಡೂವರೆ ಇಟ್ಟು ನೋಡುತ್ತಿದ್ದೆ. ಏಳನೆಯದಕ್ಕೆ ಬಂದರೆ ಎಲ್ಲ ಅಡ್ಡಾದಿಡ್ಡಿ. ಒಂದು ಕಡೆ ಒಂದೇ ಬೆರಳು, ಇನ್ನೊಂದು ಕಡೆ ಮೂರು. ಅದನ್ನೂ ನಂಬಿ, ಅಳೆದು, ಇಪ್ಪತ್ತು ಪುಟಕ್ಕೆ ಗುರುತು ಹಾಕಿಕೊಟ್ಟೆ. ಕುಳ್ಳಯ್ಯ ಹಾಳೆಗಳನ್ನು ಬಾಗಿಲ ಬೆಳಕಿಗೆ ಹಿಡಿದು ಬಹಳ ಹೊತ್ತು ನೋಡಿದರು.

"ಇದು ಪ್ಯಾರಾ ಅಲ್ಲ ಕಣಮ್ಮ. ಇಲ್ಲಿಂದ ಮುಂದಕ್ಕೆ ಯಜಮಾನ್ರ ಕೈ ನಡುಗೈತೆ."

ಒಂದೇ ಸೂರಿನ ಕೆಳಗಿದ್ದ ನನಗೆ ಕಾಣದ್ದು ಅವರಿಗೆ ಕಂಡಿತು, ಅಸ್ಗರಿ. ವಾಪಸು ಬರುವಾಗ ಬಸ್ಸಿನಲ್ಲಿ ಮುಖವನ್ನು ಕಿಟಕಿಗೆ ತಿರುಗಿಸಿಕೊಂಡು ಅತ್ತೆ.

ಈಗ ಬೇರೆ ದಾರಿ ಹಿಡಿದಿದ್ದೇನೆ. ಇವರ ಮೇಜಿನ ಮುಂದೆ ಕೂತು ಜೋರಾಗಿ ಓದುತ್ತೇನೆ. ಸೂತ್ರವನ್ನು ಬಂದ ಹಾಗೆ ಓದಿ ಕೆಳಗಿನ ಸಾಲಿಗೆ ಬಂದಾಗ, ದನಿ ತಾನಾಗಿ ನಿಂತರೆ ಹೊಸ ಪ್ಯಾರಾ, ನಿಲ್ಲದೆ ಮುಂದೆ ಹೋದರೆ ಅಂಚಿಗೆ. 'ಎಂದು ಸಿಗುತ್ತದೆ' ಎಂದಿದ್ದರೆ ಕಷ್ಟವಿಲ್ಲ, ಅದು ಅಂಚಿಗೇ. 'ಈಗ' ಎಂದು ಶುರುವಾದರೆ ನಾಲ್ಕು ಸಲ ಓದಬೇಕು. ನಿನ್ನೆ ಪಕ್ಕದ ಮನೆಯ ಚಿಕ್ಕಬೋರಮ್ಮ ಗೋಡೆಯಾಚೆಯಿಂದ, "ಯಾರ್ ಬಂದವ್ರೆ ಮೇಡಮ್ಮೋರೆ, ಬೆಳಗ್ಗಿಂದ ಮಾತಾಡ್ತಾನೇ ಇದ್ದೀರಿ?" ಎಂದಳು. ಯಾರೂ ಇಲ್ಲ ಎಂದೆ.

ಇನ್ನು ಕೊನೆಯ ಹನ್ನೊಂದು ಪುಟ ಇವೆ, ಶುಕ್ರವಾರ ಕೊಡಬೇಕು. ಇವರ ಮಾತು ತಪ್ಪು ಜಾಗದಲ್ಲಿ ತುಂಡಾಗಿ ಅಚ್ಚಾದರೆ ತಿದ್ದಲು ಇವರಿಲ್ಲ, ಅದೇ ಭಯ. ನೀನು ಎರಡು ದಿನ ಬಂದು ನನ್ನ ಓದು ಕೇಳುತ್ತೀಯಾ? ಲೆಕ್ಕ ಗೊತ್ತಿರಬೇಕಾಗಿಲ್ಲ, ಪಕ್ಕದಲ್ಲಿ ಕೂತರೆ ಸಾಕು. ನಿನ್ನ ಮಗ ಇಸ್ರಾರನಿಗೆ ಬಸ್ಸು ಹತ್ತಿಸಲು ಹೇಳು. ಅವನಿಗೂ ಸೊಸೆ ಸಮ್ರೀನಳಿಗೂ ನನ್ನ ಆಶೀರ್ವಾದ. ನಿನ್ನ ಮಂಡಿ ಬೇಗ ವಾಸಿಯಾಗಲಿ.

ನಿನ್ನ
ಮಾಯಮ್ಮ

ತಾ.ಕ.: ಒಂದು ವಿಷಯವನ್ನು ಮೇಲೆ ಬರೆಯಲು ಧೈರ್ಯ ಬರಲಿಲ್ಲ. ಈ ಹನ್ನೊಂದು ಪುಟ ಬರೆಯುವ ಮೊದಲು ಇವರು ಅಡುಗೆಮನೆಯ ಬಾಗಿಲಿಗೆ ಬಂದು, "ಮಾಯಾ, ಕೈ ಯಾಕೋ ಮಾತು ಕೇಳ್ತಿಲ್ಲ. ನಾನು ಹೇಳ್ತಾ ಹೋಗ್ತೀನಿ, ನೀನು ಬರ್ಕೊಡ್ತೀಯಾ?" ಎಂದು ಕೇಳಿದರು. "ಸ್ಕೂಲಲ್ಲಿ ಮಕ್ಕಳಿಗೆ ಬರ್ಸಿ ಬರ್ಸಿ ಸಾಕಾಗಿದೆ. ಇನ್ನು ನಿಮಗೂ ಬರೀಬೇಕಾ?" ಎಂದೆ. ಕೈ ಏಕೆ ಮಾತು ಕೇಳುತ್ತಿಲ್ಲ ಎಂದು ಕೂಡ ವಿಚಾರಿಸಲಿಲ್ಲ. "ಆಯ್ತು ಬುಡು," ಎಂದು ಒಳಗೆ ಹೋದರು. ಮತ್ತೆ ಕೇಳಲಿಲ್ಲ. ಹನ್ನೊಂದು ಪುಟವನ್ನೂ ಒಬ್ಬರೇ ಬರೆದರು.