ಗುರುವಾರ ಹನ್ನೊಂದು ಇಪ್ಪತ್ತರ ಗಾಳಿ

ಮನೆಯಿಂದ,
ಜನವರಿ ಇಪ್ಪತ್ತೊಂದು, ಭಾನುವಾರ ಬೆಳಿಗ್ಗೆ

ಪ್ರೀತಿಯ ಟೀಚರಮ್ಮಾ,

ನೀನು ತವರಿಗೆ ಹೋದ ಮೇಲೆ ಅತ್ತೆಯ ಸೊಂಟ ಹೇಗಿದೆ? ಗೋಡೆ ಹಿಡಿದು ನಾಲ್ಕು ಹೆಜ್ಜೆ ಇಟ್ಟರು ಎಂದು ನೀನು ಹೇಳಿದಾಗಿನಿಂದ ನನಗೂ ಸಮಾಧಾನ. ಬಚ್ಚಲಿಗೆ ಒಬ್ಬರೇ ಹೋಗದಂತೆ ನೋಡಿಕೋ. ಅವರ ಹಟ ನನಗೆ ಗೊತ್ತು, ಅದರಲ್ಲಿ ಅರ್ಧ ಪಾಲು ನಿನಗೂ ಬಂದಿದೆಯಲ್ಲ! ನೀನೂ ನಿದ್ದೆಗೆಟ್ಟು ಬೆನ್ನುನೋವು ಹೆಚ್ಚಿಸಿಕೊಳ್ಳಬೇಡ. ನಾನು ಹೊತ್ತು ಹೊತ್ತಿಗೆ ಉಣ್ಣುತ್ತಿದ್ದೇನೆ. ನಿನ್ನ ಕುಂಡದ ಗಿಡಗಳಲ್ಲಿ ಎರಡು ಆಲಿಕಲ್ಲಿಗೆ ಸಿಕ್ಕಿ ಚಿಂದಿಯಾದವು, ಉಳಿದವನ್ನು ಒಳಗೆ ತಂದಿಟ್ಟಿದ್ದೇನೆ. ಗುರುವಾರ ಫೋನಿನಲ್ಲಿ ‘ಸೈಟಿನಲ್ಲಿ ಅಪಘಾತ ಆಯ್ತು, ನಿನ್ನ ತಮ್ಮನಿಗೆ ಸ್ವಲ್ಪ ಪೆಟ್ಟು’ ಎಂದಷ್ಟೇ ಹೇಳಿದೆ. ಅತ್ತೆ ಪಕ್ಕದಲ್ಲೇ ಕಿವಿ ನಿಮಿರಿಸಿಕೊಂಡು ಕೂತಿರುವುದು ನನಗೆ ಇಲ್ಲಿಂದಲೇ ಕಾಣುತ್ತಿತ್ತು. ಅದಕ್ಕೇ ಈ ಪತ್ರ. ಅವರು ಮಲಗಿದ ಮೇಲೆ ಓದು.

ಈ ಸಲದ ಚಳಿಗಾಲ ತಲೆಕೆಟ್ಟವನ ಹಾಗೆ ಆಡುತ್ತಿದೆ. ಹಿಂದಿನ ವಾರ ಶನಿವಾರ ಹತ್ತು ಗಂಟೆಯವರೆಗೂ ಮಂಜು, ಎದುರುಮನೆಯ ಬಾಗಿಲೂ ಕಾಣಲಿಲ್ಲ. ಭಾನುವಾರ ಬೆವರು ಕಿತ್ತುಬರುವಷ್ಟು ಬಿಸಿಲು. ಸೋಮವಾರ ಜಡಿಮಳೆ. ಹಿತ್ತಲಲ್ಲಿ ನಾನಿಟ್ಟಿರುವ ಬಾಟಲಿಯಲ್ಲಿ ಹನ್ನೊಂದು ಮಿಲಿಮೀಟರ್. ‘ಕ್ರೇನ್ ಓಡಿಸೋನಿಗೆ ಈ ಬಾಟಲಿ, ಗಡಿಯಾರ ಎಲ್ಲಾ ಯಾಕ್ರೀ’ ಎಂದು ನೀನು ಹದಿನಾಲ್ಕು ವರ್ಷದಿಂದ ನಗುತ್ತಿದ್ದೀಯ. ನಕ್ಕರೂ, ನಾನು ಮಳೆಗಾಳಿಯ ಲೆಕ್ಕ ಬರೆದಿಡುವ ಪುಸ್ತಕ ತುಂಬಿದಾಗೆಲ್ಲ ಹೊಸದು ತಂದುಕೊಡುವವಳೂ ನೀನೇ. ಗುರುವಾರ ಬೆಳಿಗ್ಗೆ ಆರಕ್ಕೆ, ನೀನು ಗಡಿಯಾರ ಅನ್ನುವ ಒತ್ತಡಮಾಪಕದಲ್ಲಿ ಗಾಳಿಯ ಒತ್ತಡ ಸಾವಿರದ ಹದಿನಾರು ಮಿಲಿಬಾರ್ ಇತ್ತು. ಏಳೂವರೆಗೆ ಮನೆ ಬಿಡುವಾಗ ಸಾವಿರದ ಹನ್ನೆರಡಕ್ಕೆ ಇಳಿದಿತ್ತು. ಒಂದೂವರೆ ಗಂಟೆಯಲ್ಲಿ ಅಷ್ಟು ಬಿದ್ದದ್ದನ್ನು ನಾನು ಎರಡೇ ಸಲ ನೋಡಿದ್ದೇನೆ, ಎರಡು ಸಲವೂ ಬಿರುಗಾಳಿ ಬಂದಿತ್ತು. ಹೊರಗೆ ಎಲೆ ಅಲ್ಲಾಡುತ್ತಿರಲಿಲ್ಲ, ಆಕಾಶ ತೊಳೆದಿಟ್ಟಂತಿತ್ತು. ಪಡುವಣದಲ್ಲಿ ಮಾತ್ರ ಕೆಳಗೆ ಒಂದು ಬೂದು ಗೆರೆ.

ಸೈಟಿನ ಗೇಟಿನಲ್ಲೇ ನಿನ್ನ ತಮ್ಮನನ್ನು ಹಿಡಿದೆ. ಅವನನ್ನು ಅಲ್ಲಿ ಸೂಪರ್‌ವೈಸರ್ ಕೆಲಸಕ್ಕೆ ಸೇರಿಸಿದ್ದೇ ನಾನು, ನಿನಗೆ ಗೊತ್ತು. ಹನ್ನೊಂದು ಗಂಟೆಯ ಮೇಲೆ ಭಾರ ಎತ್ತುವುದು ಬೇಡ, ಏಳನೇ ಮಹಡಿಯಿಂದ ಜನರನ್ನು ಇಳಿಸು ಎಂದೆ. ಕ್ರೇನಿನ ಮೇಲಿರುವ, ಗಾಳಿಯ ವೇಗ ಅಳೆಯುವ ಯಂತ್ರ ಕೆಟ್ಟು ಎರಡು ತಿಂಗಳಾಯಿತು, ಇನ್ನೂ ಯಾರೂ ರಿಪೇರಿ ಮಾಡಿಸಿಲ್ಲ ಎಂದೂ ಹೇಳಿದೆ. ‘ಆಕಾಶ ನೋಡಿ ಭಾವಾ, ಕನ್ನಡಿ ಇದ್ದ ಹಾಗಿದೆ. ನಿಮ್ಮ ಜ್ಯೋತಿಷ್ಯ ಮನೇಲಿ ಇಟ್ಕೊಳ್ಳಿ’ ಎಂದ. ಅವನ ಕಣ್ಣು ಕೆಂಪಾಗಿತ್ತು. ಮೇಲಿನವರು ಬೆಳಿಗ್ಗೆಯಿಂದ ಮೂರು ಸಲ ಫೋನ್ ಮಾಡಿ, ಇವತ್ತು ಸೆಂಟ್ರಿಂಗ್ ಹಲಗೆಗಳು ಏಳನೇ ಮಹಡಿಗೆ ಏರದಿದ್ದರೆ ನಾಳೆಯಿಂದ ಬರಬೇಡ ಅಂದಿದ್ದರಂತೆ. ಅದು ನನಗೆ ಆಮೇಲೆ ಗೊತ್ತಾಯಿತು. ಹತ್ತೂವರೆಯವರೆಗೆ ಕೆಲಸ ಮಾಡಿ ನಾನು ಕ್ರೇನಿನಿಂದ ಇಳಿದುಬಿಟ್ಟೆ. ಕೀ ಅವನ ಕೈಗೆ ಕೊಟ್ಟು, ಇನ್ನು ನನ್ನಿಂದಾಗದು ಎಂದೆ. ಎಂಬತ್ತು ಜನ ನೋಡುತ್ತಿದ್ದರು. ಅವನು ಫಟಾರನೆ ನನ್ನ ಕೆನ್ನೆಗೆ ಬಾರಿಸಿದ. ‘ಹೇಡಿ! ತೊಲಗು ಇಲ್ಲಿಂದ’ ಎಂದ.

ನಾನು ಕೈ ಎತ್ತಲಿಲ್ಲ. ಅವನು ಇನ್ನೊಬ್ಬ ಆಪರೇಟರನ್ನು ಕರೆದ. ಅದೇ ನಮ್ಮ ಕಡ್ಡಿ ಪೈಲ್ವಾನ, ಮನೆಗೆ ಬಂದಾಗೆಲ್ಲ ನಿನ್ನ ಹತ್ತಿರ ಮೂರು ಲೋಟ ಟೀ ಕುಡಿದು ‘ಅರ್ಧ ಲೋಟ ಸಾಕಿತ್ತು ಅತ್ತಿಗೆ’ ಅನ್ನುವವನು. ಏಣಿ ಹತ್ತುವ ಮುಂಚೆ ಅವನು ನನ್ನ ಮುಖ ನೋಡಿದ. ಬೇಡ ಎಂದು ಒಂದು ಮಾತು ಅಂದಿದ್ದರೆ ನಿಲ್ಲುತ್ತಿದ್ದನೇನೋ. ಕೆನ್ನೆ ಉರಿಯುತ್ತಿತ್ತು, ನಾನು ತಲೆ ತಿರುಗಿಸಿದೆ. ಇನ್ನೂ ಒಂದು ವಿಷಯ, ನಿನ್ನ ಹತ್ತಿರ ಬಿಟ್ಟು ಬೇರೆ ಯಾರ ಹತ್ತಿರವೂ ಹೇಳಲಾರೆ. ಸಿಮೆಂಟ್ ಗೋದಾಮಿನ ಗೋಡೆಗೆ ಒರಗಿ ನಿಂತು ಪಡುವಣದ ಆ ಗೆರೆ ಕಪ್ಪಾಗಿ ಮೇಲೇರುವುದನ್ನು ನೋಡುತ್ತಾ, ಬರಲಿ, ಬಂದೇ ಬಿಡಲಿ ಎಂದುಕೊಂಡೆ.

ಹನ್ನೊಂದು ಇಪ್ಪತ್ತಕ್ಕೆ ಬಂತು. ಮೊದಲು ಮೈ ಕೊರೆಯುವ ಒಂದು ತಣ್ಣನೆಯ ಉಸಿರು, ಮರುಕ್ಷಣಕ್ಕೆ ಗೋಡೆಯೇ ಎದ್ದು ಬಂದು ಬಡಿದಂಥ ಗಾಳಿ. ತಗಡಿನ ಶೀಟುಗಳು ಕಾಗದದ ಹಾಗೆ ಹಾರಿದವು. ನಿಂಬೆಗಾತ್ರದ ಆಲಿಕಲ್ಲುಗಳು ಹೆಲ್ಮೆಟ್ಟುಗಳ ಮೇಲೆ ಕಲ್ಲೆಸೆದಂತೆ ಬಿದ್ದವು. ಮೇಲೆ ಕ್ರೇನಿನ ಕೊಕ್ಕೆಯಲ್ಲಿ ನಲವತ್ತು ಹಲಗೆಗಳ ಕಟ್ಟು ಗಿರಗಿರ ತಿರುಗಲು ಶುರುವಾಯಿತು. ಒಂದು ಸಲ ಕಟ್ಟಡದಿಂದ ದೂರ ಹೋಯಿತು, ಎರಡನೇ ಸಲ ತೂಗಿಬಂದು ಏಳನೇ ಮಹಡಿಯ ಅಟ್ಟಣಿಗೆಗೆ ಅಪ್ಪಳಿಸಿತು. ಕಬ್ಬಿಣದ ಕಂಬಗಳು ಮುರಿದ ಸದ್ದು ಗಾಳಿಯನ್ನೂ ಮೀರಿ ಕೇಳಿಸಿತು. ಕಂಬಿ ಕಟ್ಟುವ ಅಜ್ಜ ಅಲ್ಲಿದ್ದ. ಬಾಯಿ ತುಂಬ ತಂತಿ ಕಚ್ಚಿಕೊಂಡೇ ಹಾಡು ಗುನುಗುವವನು. ನನ್ನಿಂದ ಹತ್ತು ಮಾರು ದೂರದಲ್ಲಿ ಮರಳಿನ ರಾಶಿಯ ಪಕ್ಕ ಬಿದ್ದ. ಮರಳಿನ ಮೇಲಾದರೂ ಬೀಳಬಾರದಿತ್ತೇ? ಓಡಿಹೋಗಿ ಮುಟ್ಟಿದೆ. ಉಸಿರಿರಲಿಲ್ಲ.

ಕಡ್ಡಿ ಪೈಲ್ವಾನ ಮೇಲೆ ಕ್ರೇನಿನ ತೋಳು ತಿರುಗದಂತೆ ಬ್ರೇಕ್ ಒತ್ತಿ ಹಿಡಿದು ಗಾಳಿಗೆ ಎದುರಾಗಿ ಕೂತಿದ್ದ. ಹಾಗೆ ಹಿಡಿದರೆ ಕ್ರೇನೇ ಉರುಳುತ್ತದೆ. ಒಬ್ಬನ ಕೈಯಿಂದ ವಾಕಿಟಾಕಿ ಕಿತ್ತುಕೊಂಡು ‘ಬ್ರೇಕ್ ಬಿಡೋ! ಗಾಳಿ ಎತ್ತ ತಳ್ಳುತ್ತೋ ಅತ್ತ ತಿರುಗಲಿ, ಬಿಡು!’ ಎಂದು ಗಂಟಲು ಹರಿಯುವಂತೆ ಕೂಗಿದೆ. ‘ಬಿಟ್ರೆ ಬೀಳ್ತೀನಣ್ಣಾ’ ಎಂದು ಅಳುತ್ತಿದ್ದ. ‘ಹಿಡಿದ್ರೇನೇ ಬೀಳ್ತೀಯ!’ ಎಂದೆ. ಕೊನೆಗೆ ಬಿಟ್ಟ. ಕ್ರೇನಿನ ಉದ್ದ ತೋಳು ಗಾಳಿಯ ಜೊತೆ ತಿರುಗಿ ನಿಂತಿತು. ಹಗ್ಗ ಹರಿದು ಹಲಗೆಗಳು ರಸ್ತೆಯ ಕಡೆ ಬಿದ್ದವು, ಪುಣ್ಯಕ್ಕೆ ಅಲ್ಲಿ ಯಾರೂ ಇರಲಿಲ್ಲ. ಹನ್ನೆರಡು ನಿಮಿಷ, ಅಷ್ಟೇ. ಗಾಳಿ ನಿಂತಾಗ ಬಿಸಿಲೂ ಬಂತು. ಕಡ್ಡಿ ಪೈಲ್ವಾನನ ಮುಂಗೈ ಮುರಿದಿದೆ, ಜೀವ ಉಳಿದಿದೆ.

ಆಮೇಲೆ ನಡೆದದ್ದು ಗಾಳಿಗಿಂತ ಕೆಟ್ಟದ್ದು. ಅಜ್ಜನ ಮೇಲೆ ಬಟ್ಟೆ ಹೊದಿಸಿ ಎದ್ದ ಜನ ಒಂದೇ ಸಲಕ್ಕೆ ನಿನ್ನ ತಮ್ಮನ ಕಡೆ ತಿರುಗಿದರು. ಅವನು ಓಡಲೂ ಇಲ್ಲ. ‘ನಾನಲ್ಲ, ನಾನಲ್ಲ’ ಎನ್ನುತ್ತ ನಿಂತೇ ಇದ್ದ. ಸಲಿಕೆಯ ಹಿಡಿಯಲ್ಲಿ ಹೊಡೆದರು, ಕೈಗೆ ಸಿಕ್ಕ ಕಂಬಿಯಲ್ಲಿ ಹೊಡೆದರು, ಕೆಳಗೆ ಬಿದ್ದ ಮೇಲೆ ಬೂಟುಗಾಲಲ್ಲಿ ಒದ್ದರು. ನಾನು ನುಗ್ಗಿ ಅವನ ಎರಡೂ ಕಂಕುಳಿಗೆ ಕೈ ಹಾಕಿ ಗೋದಾಮಿನೊಳಗೆ ಎಳೆದುಕೊಂಡು ಹೋಗಿ ಷಟರ್ ಎಳೆದೆ. ಹೊರಗಿನಿಂದ ಇಟ್ಟಿಗೆ ಬಿದ್ದಾಗೆಲ್ಲ ತಗಡು ನನ್ನ ಬೆನ್ನಿಗೆ ಬಡಿಯುತ್ತಿತ್ತು. ಪೊಲೀಸರು ಬರುವವರೆಗೆ ಮುಕ್ಕಾಲು ಗಂಟೆ ಹಾಗೇ ಕೂತಿದ್ದೆ, ಅವನ ತಲೆ ನನ್ನ ತೊಡೆಯ ಮೇಲಿತ್ತು. ದವಡೆ ಮುರಿದಿದೆ, ಮೂರು ಪಕ್ಕೆಲುಬು ಹೋಗಿವೆ. ಪ್ರಾಣಕ್ಕೆ ಅಪಾಯವಿಲ್ಲ ಎಂದು ಡಾಕ್ಟರು ಹೇಳಿದ್ದಾರೆ, ಹೆದರಬೇಡ. ದವಡೆಗೆ ತಂತಿ ಹಾಕಿದ್ದಾರೆ, ಆರು ವಾರ ಮಾತಿಲ್ಲ.

ಬೀದಿಯಲ್ಲಿ ಈಗ ನನ್ನದೇ ಮಾತು. ಹೊಡೆಸಿಕೊಂಡವನೇ ಹೊಡೆದವನನ್ನು ಕಾಪಾಡಿದ ಎನ್ನುತ್ತಾರೆ. ಮೂಲೆಮನೆಯ ದರ್ಜಿ ನನ್ನ ಕೈ ಹಿಡಿದು ಕಣ್ಣಿಗೊತ್ತಿಕೊಂಡ. ಲೇಬರ್ ಆಫೀಸಿನಿಂದ ಬಂದವರಿಗೆ ನನ್ನ ಹವಾಮಾನದ ಪುಸ್ತಕ ಕೊಟ್ಟೆ, ಕೆಟ್ಟ ಯಂತ್ರದ ಬಗ್ಗೆ ಸಹಿ ಹಾಕಿ ಹೇಳಿಕೆಯನ್ನೂ ಕೊಟ್ಟೆ. ಅದರಿಂದ ನಿನ್ನ ತಮ್ಮನಿಗೆ ತೊಂದರೆಯಾಗುತ್ತದೆ, ಅವನ ಮೇಲಿನವರಿಗೂ ಆಗುತ್ತದೆ. ಆದರೂ ಅಜ್ಜನ ಹೆಂಡತಿಯ ಮುಖ ನೋಡಿದ ಮೇಲೆ ಬೇರೆ ದಾರಿ ಕಾಣಲಿಲ್ಲ. ಆಕೆ ಅಳಲಿಲ್ಲ, ‘ಅವರ ಮೈಮೇಲೆ ಸ್ವೆಟರ್ ಇತ್ತಾ?’ ಎಂದಷ್ಟೇ ಕೇಳಿದರು.

ಅತ್ತೆಗೆ ಸದ್ಯಕ್ಕೆ ನಿನ್ನ ತಮ್ಮ ಕಾಲು ಜಾರಿ ಬಿದ್ದ ಎಂದು ಹೇಳಿರು. ಅವರಿಗೆ ನನ್ನ ನಮಸ್ಕಾರ. ನೀನು ಬೆಚ್ಚಗಿರು, ಅಲ್ಲಿ ಈ ವಾರ ಚಳಿ ಇನ್ನೂ ಏರುತ್ತದೆ.

ಇತಿ ನಿನ್ನ,
ಬಾಟಲಿ ಹುಚ್ಚ

ತಾ.ಕ.: ಲಕೋಟೆಗೆ ಅಂಟು ಹಚ್ಚಿ ಮತ್ತೆ ಬಿಚ್ಚಿದ್ದೇನೆ. ಮೇಲೆ ಬರೆದದ್ದರಲ್ಲಿ ಸುಳ್ಳಿಲ್ಲ, ಆದರೆ ಒಂದು ವಿಷಯ ಬಿಟ್ಟಿದ್ದೇನೆ. ಜನರ ನಡುವೆ ನಾನು ನುಗ್ಗಿದ್ದು ನಿನ್ನ ತಮ್ಮನನ್ನು ಬಿಡಿಸಲು ಅಲ್ಲ. ಹೆಲ್ಮೆಟ್ಟು ಬಿಚ್ಚಿ ಅವನ ಮುಖಕ್ಕೆ ಎರಡು ಸಲ ಹೊಡೆದೆ. ದವಡೆ ಮುರಿದದ್ದು ಅದರಿಂದ, ಆ ಸದ್ದು ನನಗೆ ಕೇಳಿಸಿತು. ಕೇಳಿಸಿದ ಮೇಲೆಯೇ ಎಳೆದುಕೊಂಡು ಹೋದದ್ದು. ಗದ್ದಲದಲ್ಲಿ ಯಾರೂ ನೋಡಲಿಲ್ಲ, ಅವನು ನೋಡಿದ. ಪೊಲೀಸರು ಯಾರು ಹೊಡೆದರೆಂದು ಬರೆದುಕೊಡಲು ಕೇಳಿದಾಗ ಗೊತ್ತಿಲ್ಲ ಎಂದು ಬರೆದನಂತೆ. ನಿನ್ನೆ ನಾನು ಹೋದಾಗ ಇನ್ನೊಂದು ಚೀಟಿಯಲ್ಲಿ ‘ಅಕ್ಕನಿಗೆ ಹೇಳಬೇಡಿ’ ಎಂದು ಬರೆದು ತೋರಿಸಿದ. ಅವನ ಮಾತು ಮೀರಿ ಹೇಳಿದ್ದೇನೆ. ನಾಳೆ ಬೆಳಿಗ್ಗೆ ಠಾಣೆಗೆ ಹೋಗಿ ಅಲ್ಲಿಯೂ ಹೇಳುತ್ತೇನೆ. ನೀನು ಬಂದರೆ ಮೊದಲು ಆಸ್ಪತ್ರೆಗೆ ಹೋಗು. ಮನೆಗೆ ಬರುವುದೋ ಬೇಡವೋ ಅವನ ಮುಖ ನೋಡಿದ ಮೇಲೆ ತೀರ್ಮಾನ ಮಾಡು.