ಮೊದಲನೇ ಒಲ್ಲೆ

ಮೈಹಕ್ಕು ವರ್ಷ ಎಪ್ಪತ್ತೊಂದು, ಹದಿಮೂರನೇ ತಿಂಗಳು
ಗದಗ

ಹಿಂದಿನವರೇ,

ಹದಿಮೂರನೇ ತಿಂಗಳು ಎಂದರೆ ನಗಬೇಡಿ. ತೆರಿಗೆ ಲೆಕ್ಕ ಮುಗಿಸಲಿಕ್ಕೆಂದು ಸರ್ಕಾರ ವರ್ಷದ ಬಾಲಕ್ಕೆ ಕಟ್ಟಿದ ತಿಂಗಳು ಅದು. ನನ್ನ ಮಾತುಗಳಲ್ಲಿ ಕೆಲವು ಒರಟೆನಿಸಬಹುದು, ಕೆಲವು ಅರ್ಥವೇ ಆಗಲಿಕ್ಕಿಲ್ಲ. ತಪ್ಪು ತಿಳಿಯಬೇಡಿ. ನಾಲ್ಕನೇ ಇಯತ್ತೆಗೆ ಶಾಲೆ ಬಿಟ್ಟವಳು ನಾನು, ಗುಡ್ಡದ ಮೇಲಿನ ಗಾಳಿಕಂಬಗಳ ರೆಕ್ಕೆ ತೊಳೆದು ಮುದುಕಿಯಾದವಳು. ಹೆಸರು ಕಾಳವ್ವ. ಈ ಕಾಗದ ಕಾಲ ದಾಟಿ ಹಿಂದಕ್ಕೆ ಹೋಗಿ ನಿಮಗೆ ಮುಟ್ಟುವುದಿಲ್ಲ ಎಂದು ಎಲ್ಲರೂ ಹೇಳುತ್ತಾರೆ. ಹೇಳಲಿ. ನಾನು ಬರೆಯುತ್ತಿರುವುದು ನನ್ನ ತಮ್ಮ ಫಕೀರಪ್ಪನ ಸಲುವಾಗಿ.

ನಮ್ಮಲ್ಲಿ ದವಾಖಾನೆಯ ಬಾಗಿಲಲ್ಲೇ ಕೇಳುಪೆಟ್ಟಿಗೆ ಇರುತ್ತದೆ. ಆಳೆತ್ತರದ ಪೆಟ್ಟಿಗೆ, ದನಿ ಮಾತ್ರ ಹೊಸ ಸೊಸೆಯದು. ಯಾವ ಉಪಚಾರವಾದರೂ ಬೇಕೋ ಬೇಡವೋ ಎಂದು ಅದು ಒಮ್ಮೆ ಕೇಳುತ್ತದೆ. ಒಮ್ಮೆ ಮಾತ್ರ. ಎರಡನೇ ಸಲ ಕೇಳಿದರೆ ಒತ್ತಾಯ, ಒತ್ತಾಯವೆಂದರೆ ಅಪರಾಧ. ಇದಕ್ಕೆ ಮೊದಲಮಾತಿನ ಕಾಯ್ದೆ ಎನ್ನುತ್ತೇವೆ, ನಮ್ಮ ಮೈಹಕ್ಕು ವರ್ಷಗಳ ಎಣಿಕೆಯೂ ಅದು ಬಂದಂದಿನಿಂದಲೇ. ಅದು ಸುಮ್ಮನೆ ಬರಲಿಲ್ಲ. ನಮ್ಮಜ್ಜಿಯನ್ನು ಇಬ್ಬರು ಹಿಡಿದು ಕೂರಿಸಿ ಸೂಜಿ ಚುಚ್ಚಿದ್ದರು, ಏನಿದು ಎಂದು ಕೇಳಿದ್ದಕ್ಕೆ ಬಾಯಿ ಮುಚ್ಚೆಂದಿದ್ದರು. ಆಕೆ ಆಮೇಲೆ ಬೀದಿಗಿಳಿದು ಕೂಗಿದ್ದು ಸರಿಯೇ. ಆದರೆ ಅವಳ ಪಕ್ಕದಲ್ಲಿ ನಿಂತು ಕೂಗಿದವರಲ್ಲಿ ಬೇರೆಯವರೂ ಇದ್ದರು, ಕಂಡವರ ರೋಗಕ್ಕೆ ನಾವೇಕೆ ತೆರಿಗೆ ಕಟ್ಟಬೇಕು ಎನ್ನುವವರು. ಕೊನೆಗೆ ಕಾಯ್ದೆ ಬರೆದವರು ಅವರು. ಬೇಡ ಎಂದವನ ಉಪಚಾರಕ್ಕೆ ಆಗಬೇಕಿದ್ದ ಖರ್ಚಿನ ದುಡ್ಡು ಊರಿನ ತೆರಿಗೆದಾರರಿಗೆಲ್ಲ ಹಂಚಿಹೋಗುತ್ತದೆ. ಅದಕ್ಕೆ ಉಳಿಕೆಪಾಲು ಎಂದು ಹೆಸರು. ಅಂದಮೇಲೆ ಎರಡನೇ ಸಲ ಕೇಳುವ ದರ್ದು ಯಾರಿಗಿದೆ?

ನಮ್ಮ ಕಡೆಯ ರೂಢಿ ನಿಮಗೆ ಗೊತ್ತೇ ಇದೆ. ಚಹಾ ಕೊಟ್ಟರೆ ಮೊದಲು ಒಲ್ಲೆ ಎನ್ನಬೇಕು, ಕೊಡುವವರು ಬಿಡದೆ ಹಿಡಿಸಬೇಕು. ಮೊದಲ ಸಲಕ್ಕೇ ಕೈಚಾಚಿದರೆ ಬರಗೆಟ್ಟವನೆಂದು ನಮ್ಮವ್ವ ತೊಡೆ ಚಿವುಟುತ್ತಿದ್ದಳು. ಫಕೀರಪ್ಪನ ಎರಡೂ ಕಿಡ್ನಿ ಕೆಟ್ಟಿದ್ದವು, ಹೊಸದು ಬೆಳೆಸಿ ಕೂರಿಸುವುದಿತ್ತು. ಬದುಕಿಡೀ ತೆರಿಗೆ ಕಟ್ಟಿದವನು ಅವನು. ಪೆಟ್ಟಿಗೆ ಬಹಳ ಮೆತ್ತಗೆ ಕೇಳಿತು. ಇವನು ನಾಚಿ, ಟೊಪ್ಪಿಗೆ ತೆಗೆದು, "ಅಯ್ಯ, ಒಲ್ಲೆ ತಗೀರಿ. ನನ್ನಂಥಾವಗ ಯಾಕ ಇಷ್ಟು ಖರ್ಚು" ಎಂದುಬಿಟ್ಟ. ಇನ್ನೊಮ್ಮೆ ಕೇಳಲಿ ಎಂದು ನಗುತ್ತ ನಿಂತ. ಹಸಿರು ದೀಪ ಹತ್ತಿತು. ನಿಮ್ಮ ಸ್ವಾತಂತ್ರ್ಯವನ್ನು ಗೌರವಿಸುತ್ತೇವೆ ಎಂದಿತು ಪೆಟ್ಟಿಗೆ.

ನಾನು ಡಾಕ್ಟರಮ್ಮನ ಮುಂದೆ ಕೂಗಾಡಿದೆ. "ಅಕ್ಕಾರ, ನಾನೂ ಈ ಕಡೆಯಾಕಿನ. ಅವರು ಹಂಗ್ಯಾಕಂದ್ರು ನನಗ ತಿಳೀತದ. ಮತ್ತ ಕೇಳಿದ್ರ ನನ್ನ ಕೆಲಸ ಹೋಗ್ತದ" ಎಂದಳು ಆ ಹುಡುಗಿ, ನೆಲ ನೋಡುತ್ತ. ಮರುದಿನ ಫಕೀರಪ್ಪ ತಾನೇ ಹೋಗಿ ಬೇಕು ಎಂದ. ಮಾತು ಬದಲಿಸಿದರೆ ಮನೆಯವರ ಒತ್ತಾಯವಿದೆ ಎಂದೇ ಅರ್ಥವಂತೆ, ಅದನ್ನು ಲೆಕ್ಕಕ್ಕೆ ಹಿಡಿಯಲಿಲ್ಲ. ನನ್ನನ್ನು ವಿಚಾರಣೆಗೆ ಕರೆದರು. ಕಳೆದ ವಾರ ಉಳಿಕೆಪಾಲು ಬಂತು, ಒಂದು ಕಟ್ಟು ಕೊತ್ತಂಬರಿಗೆ ಆಗುವಷ್ಟು. ತಮ್ಮನ ಕಿಡ್ನಿಯಲ್ಲಿ ನನ್ನ ಪಾಲು ಅದು. ಅವನ ಪಾಲು ಅವನಿಗೂ ಬಂದಿದೆ.

ನಿಮ್ಮ ಮೇಲೆ ನನಗೆ ಸಿಟ್ಟಿದೆ. ನಿಮ್ಮಲ್ಲಿ ಒಂದು ಗುಂಪು ಮೈ ನನ್ನದು ಎಂದಿತು, ಇನ್ನೊಂದು ದುಡ್ಡು ನನ್ನದು ಎಂದಿತು. ಎರಡನ್ನೂ ಒಂದೇ ಕಾಯ್ದೆಯೊಳಗೆ ಹೊಲಿಯುವಾಗ ಉಳಿದವರು ಎಲ್ಲಿ ಸತ್ತಿದ್ದಿರಿ? ಯಾರನ್ನೂ ಹಿಡಿದು ಚುಚ್ಚಬೇಡಿ, ಅದು ನಮ್ಮಜ್ಜಿಯ ಮಾತು. ನನ್ನದು ಇಷ್ಟೇ. ಇನ್ನೊಮ್ಮೆ ಕೇಳುವುದನ್ನು ಅಪರಾಧ ಮಾಡಬೇಡಿ. ಕೇಳದೆ ಸುಮ್ಮನಿದ್ದವರಿಗೆ ಕೂಲಿ ಕೊಡಬೇಡಿ.

ಫಕೀರಪ್ಪ ಒಳಗೆ ಮಲಗಿದ್ದಾನೆ. ಮುಖ ಊದಿದೆ. ಗಂಜಿ ಕೊಡಲೇನೋ ಎಂದು ಈಗಷ್ಟೇ ಕೇಳಿದೆ. "ಒಲ್ಲೆ ಬಿಡಕ್ಕ" ಎಂದ. ಎದ್ದು ಹೋಗಿ ಇನ್ನೊಮ್ಮೆ ಕೇಳುತ್ತೇನೆ. ಅಡುಗೆಮನೆಗೆ ಆ ಕಾಯ್ದೆ ಇನ್ನೂ ಬಂದಿಲ್ಲ.