ಕಿಡ್ನಿ ರೋಗಿಗೂ ಹೃದಯವಿದೆ, ನಿರ್ದೇಶಕರೇ

ಆರೋಗ್ಯ ಇಲಾಖೆಯ ಮಾನ್ಯ ನಿರ್ದೇಶಕರೇ,

ನನ್ನ ಅಕ್ಕ ಸಾಯಲಿಲ್ಲ ಎಂಬ ಕಾರಣಕ್ಕೆ ನನ್ನ ದೂರನ್ನು ತಾವು ಮುಕ್ತಾಯಗೊಳಿಸಿದ್ದೀರಿ. ‘ರೋಗಿಯು ಚೇತರಿಸಿಕೊಂಡಿರುವುದರಿಂದ ಚಿಕಿತ್ಸೆಯಲ್ಲಿ ಲೋಪ ಕಂಡುಬಂದಿರುವುದಿಲ್ಲ’ ಎಂದು ತಮ್ಮ ಕಚೇರಿ ತಿಳಿಸಿದೆ. ಎಷ್ಟು ಅಚ್ಚುಕಟ್ಟಾದ ತರ್ಕ. ಅವಳು ಸತ್ತಿದ್ದರೆ ದೂರಿಗೆ ಬಲ ಬರುತ್ತಿತ್ತು. ಬದುಕಿ ಕೇಸು ಕೆಡಿಸಿದಳು.

ತಮಗೆ ಅವಳ ಪರಿಚಯವಿಲ್ಲ. ಪ್ರಾಥಮಿಕ ಶಾಲೆಯ ಮುಖ್ಯೋಪಾಧ್ಯಾಯಿನಿ, ಬೀದಿಗೆಲ್ಲ ‘ಹೆಡ್ ಮಿಸ್’. ನಾನು ಅದೇ ಶಾಲೆಯ ವ್ಯಾನ್ ಓಡಿಸುತ್ತೇನೆ. ಎರಡೂ ಕಿಡ್ನಿ ಕೈಕೊಟ್ಟ ಮೇಲೆ, ಮಕ್ಕಳನ್ನು ಶಾಲೆಗೆ ಇಳಿಸಿ ಅದೇ ವ್ಯಾನಿನಲ್ಲಿ ಅವಳನ್ನು ಸರ್ಕಾರಿ ಆಸ್ಪತ್ರೆಯ ಡಯಾಲಿಸಿಸ್‌ಗೆ ಕರೆದೊಯ್ಯುತ್ತೇನೆ. ಅಲ್ಲಿ ತೂಕ ನೋಡಿ, ಒರಗುಕುರ್ಚಿಯಲ್ಲಿ ಕೂರಿಸಿ, ತೋಳಿಗೆ ದಪ್ಪ ಸೂಜಿ ಚುಚ್ಚಿ, ರಕ್ತವನ್ನು ಯಂತ್ರಕ್ಕೆ ಹರಿಸಿ ಶುದ್ಧ ಮಾಡಿ ಹಿಂದಿರುಗಿಸುತ್ತಾರೆ. ಅಷ್ಟು ಹೊತ್ತು ಸುಮ್ಮನೆ ಕೂರುವವಳಲ್ಲ ಅಕ್ಕ. ಗೋಡೆಯ ಸೂಚನಾಫಲಕಗಳ ಕಾಗುಣಿತವನ್ನೆಲ್ಲ ನರ್ಸುಗಳ ಕೈಯಲ್ಲಿ ತಿದ್ದಿಸಿದ್ದಾಳೆ. ಪಕ್ಕದ ಕುರ್ಚಿಯ ಬಡಗಿ ಯಜಮಾನರು, “ಮಿಸ್, ನನ್ನ ಹಣೆಬರಹಾನೂ ಒಂಚೂರು ತಿದ್ಬಿಡಿ” ಎಂದು ನಗುತ್ತಿದ್ದರು.

ನನ್ನ ದೂರಿನಲ್ಲಿ ಬರೆದಿದ್ದ ಆ ದಿನ ಯಂತ್ರ ನಡೆಯುತ್ತಿದ್ದಾಗಲೇ ಅವಳ ಮಾತು ನಿಂತಿತು. “ಎದೆ ಮೇಲೆ ಯಾರೋ ಕೂತ ಹಾಗಿದೆ ಕಣೋ” ಎಂದಳು. ಹಣೆಯಲ್ಲಿ ಬೆವರು ಸಾಲುಗಟ್ಟಿತ್ತು. ನರ್ಸು ಯಂತ್ರ ನಿಲ್ಲಿಸಿ ತುರ್ತು ಘಟಕಕ್ಕೆ ಕಳಿಸಿದರು. ಅಲ್ಲಿನ ಡಾಕ್ಟರು ಇಸಿಜಿ ತೆಗೆಸಿ, ಟ್ರೋಪೊನಿನ್ ಎಂಬ ರಕ್ತಪರೀಕ್ಷೆ ಮಾಡಿಸಿದರು. ಹೃದಯದ ಸ್ನಾಯುವಿಗೆ ಪೆಟ್ಟಾದರೆ ರಕ್ತದಲ್ಲಿ ಹೆಚ್ಚಾಗುವ ಅಂಶ ಅದು. ಅಕ್ಕನದು ಹೆಚ್ಚಾಗಿಯೇ ಇತ್ತು. ಡಾಕ್ಟರು ರಿಪೋರ್ಟಿನ ಮೇಲೆ ಕಣ್ಣಾಡಿಸಿ, “ಕಿಡ್ನಿ ಪೇಶೆಂಟ್‌ಗಳಿಗೆ ಇದು ಯಾವಾಗ್ಲೂ ಜಾಸ್ತಿನೇ. ಇಸಿಜಿ ಸರಿಯಾಗಿದೆ. ಗ್ಯಾಸ್ ಇರ್ಬೇಕು, ಕರ್ಕೊಂಡು ಹೋಗಿ” ಎಂದರು.

“ಮುಂಚೆ ಎಷ್ಟಿತ್ತು ಸಾರ್?” ಎಂದು ಕೇಳಿದೆ.

“ಮುಂಚೆ ಯಾರ್ರೀ ಮಾಡ್ಸಿದ್ದಾರೆ?”

ಯಾರೂ ಮಾಡಿಸಿರಲಿಲ್ಲ. ಪ್ರತಿ ತಿಂಗಳೂ ಅವಳ ರಕ್ತ ತೆಗೆದು ಪೊಟ್ಯಾಸಿಯಂ, ಕ್ಯಾಲ್ಸಿಯಂ, ಹಿಮೋಗ್ಲೋಬಿನ್ ಎಲ್ಲ ನೋಡುತ್ತಾರೆ. ಡಯಾಲಿಸಿಸ್ ರೋಗಿಗಳನ್ನು ಎಲ್ಲಕ್ಕಿಂತ ಹೆಚ್ಚಾಗಿ ಬಲಿ ತೆಗೆದುಕೊಳ್ಳುವುದು ಹೃದಯವೇ ಅಂತೆ. ಆದರೆ ಆ ಹೃದಯದ ಯೋಗಕ್ಷೇಮ ವಿಚಾರಿಸುವುದು ಮಾತ್ರ ಯಾರ ಕೆಲಸವೂ ಅಲ್ಲ.

ನಾನು ವ್ಯಾನನ್ನು ಬಾಗಿಲಿಗೆ ತಂದೆ. ಅಕ್ಕ ಪಡಸಾಲೆಯ ಕಬ್ಬಿಣದ ಬೆಂಚಿನ ಮೇಲೆ ಕೂತುಬಿಟ್ಟಿದ್ದಳು.

“ನೋವು ಹೋಗೋವರೆಗೂ ನಾನು ಏಳಲ್ಲ.”

“ಮೇಡಂ, ಡಿಸ್ಚಾರ್ಜ್ ಆಗಿದೆ. ಜಾಗ ಬಿಡಿ” ಎಂದ ಸೆಕ್ಯುರಿಟಿಯವನು.

“ನಿನ್ನ ಕೈಲಿ ನನ್ನ ಎತ್ತೋಕಾಗುತ್ತೇನಪ್ಪಾ? ಆಗಲ್ಲ ಅಂದ್ರೆ ಆ ಕಡೆ ನಿಂತ್ಕೋ.”

ದನಿ ಹೆಡ್ ಮಿಸ್ಸಿನದೇ. ಆದರೆ ನನ್ನ ಮುಂಗೈ ಹಿಡಿದಿದ್ದ ಅವಳ ಬೆರಳುಗಳು ತಣ್ಣಗೆ ಕೊರೆಯುತ್ತಿದ್ದವು. ಜನ ನಮ್ಮನ್ನು ಬಳಸಿಕೊಂಡು ಓಡಾಡುತ್ತಿದ್ದರು. ಮಧ್ಯಾಹ್ನದ ಪಾಳಿಗೆ ಬಂದ ಡಾಕ್ಟರಮ್ಮ ಅವಳ ಮುಖ ನೋಡಿ ಅಲ್ಲೇ ನಿಂತರು. ವಿಷಯ ಕೇಳಿದರು, ಮತ್ತೆ ರಕ್ತ ತೆಗೆಸಿದರು. ಫಲಿತಾಂಶ ಬಂದಾಗ ಅದು ಬೆಳಗಿನದಕ್ಕಿಂತ ಹಲವು ಪಟ್ಟು ಮೇಲೇರಿತ್ತು.

“ಇವರಿಗೆ ಯಾವಾಗ್ಲೂ ಜಾಸ್ತಿ ಇರುತ್ತೆ, ನಿಜ” ಎಂದರು ಡಾಕ್ಟರಮ್ಮ, ಸ್ಟ್ರೆಚರ್ ಜೊತೆಗೇ ನಡೆಯುತ್ತ. “ಅದಕ್ಕೇ ಒಂದೇ ಸಲ ನೋಡಿ ಕಳಿಸೋ ಹಾಗಿಲ್ಲ. ಏರ್ತಾ ಇದೆಯಾ ಅಂತ ನೋಡ್ಬೇಕು. ಇದು ಹಾರ್ಟ್ ಅಟ್ಯಾಕೇ.”

ಕಟ್ಟಿಕೊಂಡಿದ್ದ ರಕ್ತನಾಳಕ್ಕೆ ಸ್ಟೆಂಟ್ ಹಾಕಿದರು. ಅಕ್ಕ ಉಳಿದಳು. ತಡವಾದ ಆ ಹೊತ್ತಿನಲ್ಲಿ ಹೃದಯದ ಒಂದು ಭಾಗ ಉಳಿಯಲಿಲ್ಲ. ಶಾಲೆಯ ಮೈದಾನದ ಆಚೆ ತುದಿಯ ಹುಡುಗನನ್ನು ಕೂತಲ್ಲಿಂದಲೇ ಗದರಿಸುತ್ತಿದ್ದವಳು ಈಗ ಸೀರೆ ಉಟ್ಟು ಮುಗಿಸುವುದರೊಳಗೆ ಎರಡು ಸಲ ಕೂರುತ್ತಾಳೆ. ತಮ್ಮ ಕಚೇರಿಯ ಭಾಷೆಯಲ್ಲಿ ಇದಕ್ಕೇ ‘ಚೇತರಿಕೆ’ ಎನ್ನುತ್ತಾರೆ.

ಮಾನ್ಯರೇ, ಯಾವಾಗಲೂ ಹೆಚ್ಚಿರುತ್ತದೆ ಎನ್ನುವುದು ಸಮಾಧಾನದ ಮಾತು ಹೇಗಾಯಿತು? ಹಾಗೆ ಸದಾ ಹೆಚ್ಚಿರುವವರಿಗೇ ಮುಂದೆ ಹೃದಯದ ಅಪಾಯ ಜಾಸ್ತಿ ಎಂದು ಆ ಡಾಕ್ಟರಮ್ಮನೇ ವಿವರಿಸಿದರು. ಅಂದರೆ ಆ ಸಂಖ್ಯೆ ವರ್ಷವಿಡೀ ಕೂಗುತ್ತಲೇ ಇದೆ. ಸದಾ ಕೂಗುವವರ ಮಾತು ಕೇಳಬೇಕಿಲ್ಲ ಎನ್ನುವುದು ಕಚೇರಿಗಳ ಪದ್ಧತಿ ಇರಬಹುದು. ಅದು ವೈದ್ಯರ ಪದ್ಧತಿಯೂ ಆಯಿತೇ?

ಇನ್ನೊಂದು ವಿಷಯ. ತಾವು ಕಡತ ಮುಚ್ಚಿದ ಮೇಲೆ ಬಡಗಿ ಯಜಮಾನರಿಗೂ ಎದೆನೋವು ಬಂತು. ಅದೇ ಘಟಕ, ಒಂದೇ ಒಂದು ಪರೀಕ್ಷೆ, ಅದೇ ಮಾತು. ಅವರು ಮೃದು ಸ್ವಭಾವದವರು. “ಡಾಕ್ಟ್ರು ಹೇಳಿದ್ಮೇಲೆ ಇನ್ನೇನಮ್ಮ” ಎಂದು ಮಗಳ ಹೆಗಲು ಹಿಡಿದು ಮನೆಗೆ ಹೋದರು. ಸಂಜೆಯೊಳಗೆ ತೀರಿಕೊಂಡರು. ಮರುದಿನ ಅಕ್ಕ ಆ ಖಾಲಿ ಕುರ್ಚಿಯ ಕಡೆಗೆ ಬೆನ್ನು ಮಾಡಿ ಮಲಗಿದ್ದಳು. ಅವರ ಮನೆಯವರು ದೂರು ಕೊಟ್ಟಿಲ್ಲ. ಕಿಡ್ನಿಯಿಂದಲೇ ಹೋದರು ಎಂದು ನಂಬಿದ್ದಾರೆ. ತಮ್ಮ ನಿಯಮಕ್ಕೆ ಬೇಕಾದ ಸಾವು ಈಗ ಸಿಕ್ಕಿದೆ. ಕಡತ ತೆರೆಯಬಹುದಲ್ಲವೇ?

ನಾನು ಪರಿಹಾರ ಕೇಳುತ್ತಿಲ್ಲ, ಯಾರ ಅಮಾನತೂ ಬೇಡ. ಡಯಾಲಿಸಿಸ್ ರೋಗಿಗಳು ನೆಟ್ಟಗಿರುವಾಗಲೇ ಅವರ ಟ್ರೋಪೊನಿನ್ ಎಷ್ಟಿದೆ ಎಂದು ನೋಡಿಡಲಿ. ಎದೆನೋವೆಂದು ಬಂದರೆ ಕೆಲವು ತಾಸು ಬಿಟ್ಟು ಇನ್ನೊಮ್ಮೆ ಪರೀಕ್ಷಿಸದೆ ಯಾರನ್ನೂ ಮನೆಗೆ ಕಳಿಸಕೂಡದೆಂದು ತಾವು ಆದೇಶ ಹೊರಡಿಸಿ. ಅದು ಸಾಧ್ಯವಿಲ್ಲದಿದ್ದರೆ, ಕಿಡ್ನಿ ರೋಗಿಯ ಎದೆನೋವು ಎದೆನೋವಲ್ಲ ಎಂದು ತಮ್ಮ ಸಹಿ ಹಾಕಿ ಬರೆದುಕೊಡಿ. ಡಯಾಲಿಸಿಸ್ ಕೋಣೆಯ ಬಾಗಿಲಿಗೆ ಅಂಟಿಸುತ್ತೇವೆ. ಒಳಗೆ ಬರುವವರಿಗೆ ಎಲ್ಲಿಗೆ ಬರುತ್ತಿದ್ದೇವೆಂದು ತಿಳಿದಿರಲಿ.

ಇಂತಿ,
ನಾಳೆ ಬೆಳಿಗ್ಗೆ ಬೇರೆ ದಾರಿಯಿಲ್ಲದೆ ಅದೇ ಆಸ್ಪತ್ರೆಗೆ ಅಕ್ಕನನ್ನು ಕರೆದೊಯ್ಯಲಿರುವ
ಶಾಲಾ ವ್ಯಾನಿನ ಚಾಲಕ